ಉದ್ಘಾಟನೆಯ ಸಂಜೆ: ಹೋಗುವವರಿಗೂ ಕರೆಯುವವರಿಗೂ

ಬೆಂಗಳೂರಿನಲ್ಲಿ ಚಿತ್ರ ಪ್ರದರ್ಶನದ ಉದ್ಘಾಟನೆಗಳಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ದೀಪ, ಮೈಕು, ಮುಖ್ಯ ಅತಿಥಿ, ಹೂಗುಚ್ಛ ಎಲ್ಲವೂ ಇರುತ್ತವೆ. ಎರಡನೆಯದರಲ್ಲಿ ಇವು ಯಾವುವೂ ಇಲ್ಲ. ಆರರಿಂದ ಎಂಟರವರೆಗೆ ಬಾಗಿಲು ತೆರೆದಿರುತ್ತದೆ, ಬಂದವರು ಕೈಯಲ್ಲೊಂದು ಲೋಟ ಹಿಡಿದು ತಿರುಗಾಡುತ್ತಾರೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಗ್ಯಾಲರಿ ಬಾಡಿಗೆಗೆ ಹಿಡಿದು ಕಲಾವಿದರೇ ನಡೆಸುವ ಪ್ರದರ್ಶನಗಳಲ್ಲಿ ಹೆಚ್ಚಿನವು ಮೊದಲ ಬಗೆಯವು. ಸುಮುಖದಂಥ ಖಾಸಗಿ ಗ್ಯಾಲರಿಗಳದ್ದು, ಶಾಂತಿನಗರದ ಒನ್ ಶಾಂತಿರೋಡಿನಂಥ ಸ್ಟುಡಿಯೋಗಳದ್ದು ಎರಡನೆಯ ಬಗೆ. ಎಲ್ಲಿಗೆ ಹೋಗುತ್ತಿದ್ದೀರಿ ಎಂಬುದು ಮೊದಲೇ ತಿಳಿದಿದ್ದರೆ ಅರ್ಧ ಮುಜುಗರ ಕಡಿಮೆಯಾಗುತ್ತದೆ. ಒಂದರಲ್ಲಿ ಕುರ್ಚಿ ಹುಡುಕಿ ಕುಳಿತುಕೊಳ್ಳಬೇಕು, ಇನ್ನೊಂದರಲ್ಲಿ ಕುರ್ಚಿಯೇ ಇರುವುದಿಲ್ಲ.

ನಾನು ದಾವಣಗೆರೆಯಲ್ಲಿ ಚಿತ್ರಕಲೆ ಓದಿ ಬೆಂಗಳೂರಿಗೆ ಬಂದವಳು. ಪ್ಲೈವುಡ್ ಹಲಗೆಯ ಮೇಲೆ ಉಳಿಯಿಂದ ಕೆತ್ತಿ, ಮಸಿ ಹಚ್ಚಿ, ಕಾಗದವಿಟ್ಟು ಚಮಚದ ಹಿಂಬದಿಯಿಂದ ಉಜ್ಜಿ ಅಚ್ಚು ತೆಗೆಯುವುದು ನನ್ನ ಕೆಲಸ. ವರ್ಷಗಟ್ಟಲೆ ಬೇರೆಯವರ ಉದ್ಘಾಟನೆಗಳಲ್ಲಿ ಗೋಡೆಗೆ ಒರಗಿ ನಿಂತು, ಆಮೇಲೆ ನನ್ನದೇ ಪ್ರದರ್ಶನಗಳಿಗೆ ಜನರನ್ನು ಕರೆದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರಾದ ಕಲಾವಿದರಿಗೆ ಇದರಿಂದ ಪ್ರಯೋಜನವಿಲ್ಲ, ಅವರ ಬಳಿಗೆ ಜನ ತಾವಾಗಿಯೇ ಬರುತ್ತಾರೆ. ಊರು ಬಿಟ್ಟು ಬಂದು, ಮೊದಲ ಗುಂಪು ಪ್ರದರ್ಶನಕ್ಕೋ ಏಕವ್ಯಕ್ತಿ ಪ್ರದರ್ಶನಕ್ಕೋ ಹಣ ಕೂಡಿಸುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ.

ಹೋಗುವವರಿಗೆ

ಆಹ್ವಾನದಲ್ಲಿ ಆರು ಗಂಟೆ ಎಂದಿದ್ದರೆ ಐದೂವರೆಗೆ ಹೋಗಿ. ಜನ ಸೇರಿದ ಮೇಲೆ ಚಿತ್ರ ಕಾಣುವುದಿಲ್ಲ, ಬೆನ್ನುಗಳು ಕಾಣುತ್ತವೆ. ಆ ಹೊತ್ತಿನಲ್ಲಿ ಕಲಾವಿದರು ಹೆಸರಿನ ಚೀಟಿ ಅಂಟಿಸುತ್ತಲೋ, ಮೈಕಿನವನಿಗೆ ಫೋನು ಮಾಡುತ್ತಲೋ ಇರುತ್ತಾರೆ. ಅವರನ್ನು ಮಾತಿಗೆಳೆಯಬೇಡಿ. ಸುಮ್ಮನೆ ಒಂದು ಸುತ್ತು ಹಾಕಿ, ನಿಮ್ಮನ್ನು ತಡೆದು ನಿಲ್ಲಿಸಿದ ಒಂದು ಚಿತ್ರದ ಮುಂದೆ ಹತ್ತು ನಿಮಿಷ ನಿಂತುಕೊಳ್ಳಿ. ಎಲ್ಲವನ್ನೂ ನೋಡಲೇಬೇಕು ಎಂಬ ಹಟ ಬೇಡ. ಆಮೇಲೆ ಮಾತು ಬಂದಾಗ ಆ ಒಂದು ಚಿತ್ರವೇ ನಿಮಗೆ ಆಧಾರ.

‘ತುಂಬಾ ಚೆನ್ನಾಗಿದೆ ಸರ್’ ಎಂಬ ಮಾತನ್ನು ಕಲಾವಿದರು ಆ ಸಂಜೆ ಕೇಳಿ ಕೇಳಿ ದಣಿದಿರುತ್ತಾರೆ. ಅದರ ಬದಲು ಕೆಲಸದ ಬಗ್ಗೆ ಏನಾದರೂ ಕೇಳಿ. ‘ಈ ಕಪ್ಪನ್ನು ಎಷ್ಟು ಸಲ ಒತ್ತಿದ್ದೀರಿ?’, ‘ಈ ಮೂಲೆಯಲ್ಲಿ ಕಾಗದವನ್ನು ಖಾಲಿ ಬಿಟ್ಟದ್ದು ಮೊದಲೇ ಯೋಚಿಸಿಯೋ, ಆಮೇಲೋ?’ ಇಂಥ ಪ್ರಶ್ನೆಗೆ ಎಂಥ ಹಿರಿಯರೂ ತಿರುಗಿ ನಿಂತು ಉತ್ತರಿಸುತ್ತಾರೆ. ಉತ್ತರ ಮುಗಿದ ಮೇಲೆ ನಿಮ್ಮ ಹೆಸರು, ಏನು ಕೆಲಸ ಮಾಡುತ್ತೀರಿ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿ ಪಕ್ಕಕ್ಕೆ ಸರಿಯಿರಿ. ‘ನಾನು ಇಂಥ ಮೇಷ್ಟ್ರ ಶಿಷ್ಯ’ ಎಂದು ಶುರು ಮಾಡಿದರೆ ಮಾತೆಲ್ಲ ಆ ಮೇಷ್ಟ್ರ ಆರೋಗ್ಯದ ಕಡೆಗೇ ಹರಿಯುತ್ತದೆ, ನೀವು ಯಾರೆಂಬುದು ಉಳಿದೇ ಹೋಗುತ್ತದೆ.

ಮೊಬೈಲ್ ತೆಗೆದು ನಿಮ್ಮ ಚಿತ್ರಗಳನ್ನು ಗ್ಯಾಲರಿಯವರಿಗೆ ತೋರಿಸುವ ಆಸೆ ಬರುತ್ತದೆ. ತಡೆದುಕೊಳ್ಳಿ. ಅದು ಇನ್ನೊಬ್ಬರ ಮನೆಯ ಮದುವೆ, ಅಲ್ಲಿ ನಿಮ್ಮ ಜಾತಕ ಬಿಚ್ಚಬಾರದು. ಗ್ಯಾಲರಿಯವರು ತಾವಾಗಿಯೇ ಕೇಳಿದರೆ ‘ಬರುವ ವಾರ ಮೇಲ್ ಮಾಡುತ್ತೇನೆ’ ಎನ್ನಿ, ಮತ್ತು ಆ ವಾರವೇ ಮಾಡಿ. ಬೆಲೆ ತಿಳಿಯಬೇಕಿದ್ದರೆ ಬಾಗಿಲ ಬಳಿಯ ಮೇಜಿನ ಮೇಲೆ ಬೆಲೆಪಟ್ಟಿ ಇರುತ್ತದೆ. ಕಲಾವಿದರನ್ನೇ ಎಲ್ಲರೆದುರು ‘ಇದು ಎಷ್ಟು?’ ಎಂದು ಕೇಳಿದರೆ ಕೊಳ್ಳಲು ಬಂದವರ ಮುಂದೆ ಅವರು ಇಕ್ಕಟ್ಟಿಗೆ ಸಿಲುಕುತ್ತಾರೆ.

ಭಾಷೆಯ ಸಂಕೋಚದ ಬಗ್ಗೆ ಒಂದು ಮಾತು. ಖಾಸಗಿ ಗ್ಯಾಲರಿಗಳ ಸಂಜೆಗಳಲ್ಲಿ ಸುತ್ತಲೂ ಇಂಗ್ಲಿಷೇ ಕೇಳಿಸುತ್ತದೆ, ಅದೂ ಕಲೆಯ ಬಗೆಗಿನ ಗಟ್ಟಿ ಇಂಗ್ಲಿಷು. ಜಿಲ್ಲೆಗಳಿಂದ ಬಂದವರು ಅಲ್ಲಿ ಬಾಯಿಬಿಡಲು ಹೆದರುವುದನ್ನು ಬಹಳ ಸಲ ನೋಡಿದ್ದೇನೆ. ಈ ರಾಜ್ಯದ ದೊಡ್ಡ ಚಿತ್ರಕಾರರು ಯಾವ ಊರಿನವರು ಎಂದು ಒಮ್ಮೆ ನೆನೆಸಿಕೊಳ್ಳಿ. ಕೆ.ಕೆ. ಹೆಬ್ಬಾರರು ಉಡುಪಿ ಬಳಿಯ ಕಟ್ಟಿಂಗೇರಿಯವರು, ಎಸ್.ಎಂ. ಪಂಡಿತರು ಕಲಬುರ್ಗಿಯವರು. ಇಂದಿಗೂ ಆ ಕೋಣೆಯಲ್ಲಿರುವ ಹಿರಿಯರಲ್ಲಿ ಹಲವರು ಧಾರವಾಡ, ಗದಗ, ಮೈಸೂರು, ಮಂಗಳೂರು ಕಡೆಯವರು. ಕನ್ನಡದಲ್ಲಿ ಕೇಳಿದರೆ ಅವರ ಮುಖವೇ ಸಡಿಲವಾಗುತ್ತದೆ. ಕನ್ನಡ ಬಾರದವರ ಜೊತೆ ನಿಮಗೆ ತಿಳಿದಷ್ಟು ಇಂಗ್ಲಿಷಿನಲ್ಲಿ ಕೆಲಸದ ವಿಷಯ ಹೇಳಿ. ಉಳಿ, ಹಲಗೆ, ಮಸಿಯ ಬಗ್ಗೆ ಮಾತಾಡಲು ವ್ಯಾಕರಣ ಅಷ್ಟೇನೂ ಬೇಕಾಗುವುದಿಲ್ಲ.

ಒಬ್ಬರೇ ಹೋಗಿದ್ದರೆ ತಿಂಡಿಯ ಮೇಜಿನ ಬಳಿ ನಿಲ್ಲಬೇಡಿ, ಚಿತ್ರದ ಬಳಿ ನಿಲ್ಲಿ. ತಿಂಡಿಯ ಹತ್ತಿರ ನಿಂತವರನ್ನು ಜನ ದಾಟಿ ಹೋಗುತ್ತಾರೆ, ಚಿತ್ರದ ಹತ್ತಿರ ನಿಂತವರ ಪಕ್ಕಕ್ಕೆ ಇನ್ನೊಬ್ಬರು ತಾವಾಗಿಯೇ ಬಂದು ನಿಲ್ಲುತ್ತಾರೆ. ಬಟ್ಟೆಯ ಚಿಂತೆ ಬೇಡ. ಇಳಕಲ್ ಸೀರೆಗೂ ಮಸಿ ಮೆತ್ತಿದ ಪ್ಯಾಂಟಿಗೂ ಅಲ್ಲಿ ಒಂದೇ ಮರ್ಯಾದೆ.

ಇಷ್ಟೆಲ್ಲ ಹೇಳಿದರೂ ಉದ್ಘಾಟನೆಯ ದಿನ ಸಿಗುವುದು ಪರಿಚಯ ಮಾತ್ರ. ಮಾತುಕತೆ ಸಿಗುವುದು ಎರಡನೆಯ, ಮೂರನೆಯ ದಿನ. ವಾರದ ನಡುವೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ ನೋಡಿ. ಕಲಾವಿದರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬರೇ ಕುಳಿತು, ಪಕ್ಕದಲ್ಲಿ ಫ್ಲಾಸ್ಕ್ ಇಟ್ಟುಕೊಂಡು, ಯಾರಾದರೂ ಬರಲಿ ಎಂದು ಬಾಗಿಲ ಕಡೆ ನೋಡುತ್ತಿರುತ್ತಾರೆ. ಯಾವ ಕಾಗದ ಎಲ್ಲಿ ಸಿಗುತ್ತದೆ, ಯಾವ ಫ್ರೇಮಿನವನು ಹೇಳಿದ ದಿನಕ್ಕೆ ಕೊಡುತ್ತಾನೆ, ಲಲಿತಕಲಾ ಅಕಾಡೆಮಿಗೆ ಅರ್ಜಿ ಹಾಕುವಾಗ ಏನನ್ನು ಜೋಡಿಸಬೇಕು, ಇದೆಲ್ಲ ನನಗೆ ತಿಳಿದದ್ದು ಅಂಥ ಬೆಳಿಗ್ಗೆಗಳಲ್ಲಿ. ಸಂಜೆಯ ಗದ್ದಲದಲ್ಲಿ ಒಮ್ಮೆ ಮುಖ ತೋರಿಸಿದ್ದಕ್ಕೆ ಬೆಳಿಗ್ಗೆ ಗುರುತು ಸಿಗುತ್ತದೆ. ಇದಕ್ಕಾಗಿಯೇ ಉದ್ಘಾಟನೆಗೆ ಹೋಗಬೇಕು.

ಕರೆಯುವವರಿಗೆ: ಮುಂಚಿನ ಕೆಲಸ

ದಿನ ಗೊತ್ತುಮಾಡುವಾಗ ಗ್ಯಾಲರಿಯ ಕ್ಯಾಲೆಂಡರ್ ಒಂದನ್ನೇ ನೋಡಿದರೆ ಸಾಲದು. ಕಸ್ತೂರ್‌ಬಾ ರಸ್ತೆ, ಎಂ.ಜಿ. ರಸ್ತೆಯ ಆಸುಪಾಸಿನಲ್ಲಾದರೆ ಐಪಿಎಲ್ ವೇಳಾಪಟ್ಟಿ ತೆಗೆದು ನೋಡಿ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸಂಜೆ ಪಂದ್ಯವಿದ್ದರೆ ನಿಮ್ಮ ಅತಿಥಿಗಳು ಕಬ್ಬನ್ ಪಾರ್ಕಿನ ಆಚೆಯೇ ಸಿಕ್ಕಿಹಾಕಿಕೊಳ್ಳುತ್ತಾರೆ. ಭಾನುವಾರ ಸಂಜೆ ಐದಕ್ಕೆ ಇಟ್ಟುಕೊಂಡರೆ ಇನ್ನೊಂದು ತೊಡಕು. ಭಾನುವಾರದ ರಾಹುಕಾಲ ನಾಲ್ಕೂವರೆಯಿಂದ ಆರರವರೆಗೆ. ನಿಮಗೆ ನಂಬಿಕೆ ಇಲ್ಲದಿರಬಹುದು, ದೀಪ ಹಚ್ಚಲು ಬಂದ ಹಿರಿಯರು ಗಡಿಯಾರ ನೋಡಿಕೊಂಡು ‘ಆರು ಗಂಟೆಯವರೆಗೆ ತಡೆಯೋಣವೇ?’ ಎಂದು ಮೆಲ್ಲಗೆ ಕೇಳುತ್ತಾರೆ, ಸಭೆಯೆಲ್ಲ ಸುಮ್ಮನೆ ಕಾಯುತ್ತದೆ. ಆರೂಕಾಲು ಗಂಟೆಗೆ ಇಟ್ಟರೆ ಯಾರಿಗೂ ತಕರಾರಿಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಒಂದು ದೊಡ್ಡ ಬಕೆಟ್ ತಯಾರಿರಲಿ, ಒದ್ದೆ ಛತ್ರಿಗಳನ್ನು ಹೊರಗೇ ಇರಿಸಲು. ಕಾಗದದ ಮೇಲಿನ ಕೆಲಸವಾದರೆ ಇದನ್ನು ಮರೆಯಲೇಬೇಡಿ.

ಆಹ್ವಾನವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಕೈತೊಳೆದುಕೊಂಡರೆ ಜನ ಹೃದಯದ ಚಿಹ್ನೆ ಒತ್ತಿ ಮನೆಯಲ್ಲೇ ಇರುತ್ತಾರೆ. ಮುಖ್ಯ ಅನ್ನಿಸಿದವರಿಗೆ ಹೆಸರು ಹಿಡಿದು ಪ್ರತ್ಯೇಕ ಸಂದೇಶ ಕಳಿಸಿ, ಹಿರಿಯರಿಗೆ ಫೋನು ಮಾಡಿ. ಸ್ವಲ್ಪ ಕಾರ್ಡುಗಳನ್ನು ಅಚ್ಚು ಹಾಕಿಸಿ ಕೈಯಾರೆ ಕೊಡಿ. ಫ್ರೇಮ್ ಹಾಕಿದವರು, ಚಿತ್ರಗಳನ್ನು ಸಾಗಿಸಿದ ಟೆಂಪೋದವರು, ಕಾಗದದ ಅಂಗಡಿಯವರು, ಗ್ಯಾಲರಿಯ ಕಾವಲುಗಾರರು ಇವರಿಗೂ ಕಾರ್ಡು ಕೊಡಿ. ಫ್ರೇಮಿನವರು ಮನೆಯವರನ್ನು ಕರೆದುಕೊಂಡು ಬಂದು, ಗೋಡೆಯ ಮೇಲಿರುವುದು ತಾವು ಕಟ್ಟಿದ ಚೌಕಟ್ಟು ಎಂದು ಬೆರಳು ಮಾಡಿ ತೋರಿಸುವಾಗ ಆ ಕೋಣೆಗೆ ಬರುವ ಕಳೆಯನ್ನು ಯಾವ ಮುಖ್ಯ ಅತಿಥಿಯೂ ತರಲಾರರು. ಪತ್ರಿಕೆಗಳ ‘ನಗರದಲ್ಲಿ ಇಂದು’ ಬಗೆಯ ಅಂಕಣಗಳಿಗೆ ಒಂದು ವಾರ ಮುಂಚೆ ನಾಲ್ಕು ಸಾಲು ಕಳಿಸಿ. ಕನ್ನಡದ್ದನ್ನು ಕನ್ನಡದಲ್ಲೇ ಬರೆದು ಕಳಿಸಿ, ಇಂಗ್ಲಿಷಿನದನ್ನು ಅನುವಾದಿಸಿ ಕಳಿಸಿದರೆ ಓದಲು ಆಗುವುದಿಲ್ಲ.

ಮುಖ್ಯ ಅತಿಥಿ ಒಬ್ಬರೇ ಇರಲಿ, ಹೆಚ್ಚೆಂದರೆ ಇಬ್ಬರು. ಚಿತ್ರಗಳನ್ನು ನಿಜವಾಗಿಯೂ ನೋಡುವವರನ್ನು ಕರೆಯಿರಿ. ಹುದ್ದೆ ನೋಡಿ ಕರೆದರೆ ತಡವಾಗಿ ಬಂದು, ಕಲೆ ಸಮಾಜಕ್ಕೆ ಎಷ್ಟು ಮುಖ್ಯ ಎಂದು ಅರ್ಧ ಗಂಟೆ ಹೇಳಿ ಹೊರಡುತ್ತಾರೆ. ಸಾಧ್ಯವಾದರೆ ಅವರಿಗೆ ಚಿತ್ರಗಳ ಫೋಟೊಗಳನ್ನು ವಾರದ ಮುಂಚೆಯೇ ತಲುಪಿಸಿ. ಶಾಲು, ಹಣ್ಣಿನ ಬುಟ್ಟಿಯ ಬದಲು ನಿಮ್ಮದೇ ಒಂದು ಚಿಕ್ಕ ಚಿತ್ರ ಕೊಡಿ. ಶಾಲು ಅವರ ಮನೆಯಲ್ಲಿ ರಾಶಿ ಇರುತ್ತದೆ.

ಇನ್ನು ದೀಪದ ವಿಷಯ. ಇದರ ಬಗ್ಗೆ ಯಾರೂ ಬರೆಯುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ದೀಪದ ಕಂಬವನ್ನು ಚಿತ್ರಗಳಿರುವ ಗೋಡೆಯಿಂದ ದೂರ, ಆದಷ್ಟು ಬಾಗಿಲಿನ ಹೊರಗಿನ ಪಡಸಾಲೆಯಲ್ಲಿ ಇಡಿ. ಹೊಗೆಗೂ ಕಾಗದಕ್ಕೂ ಎಣ್ಣೆ–ಸೀಗೆಕಾಯಿ. ಕೆಳಗೆ ದಪ್ಪ ಬಟ್ಟೆ ಹಾಸಿ, ಎಣ್ಣೆ ಚೆಲ್ಲಿದರೆ ನೆಲದ ಕಲೆಗೆ ಗ್ಯಾಲರಿಯವರು ಠೇವಣಿಯಿಂದ ಹಣ ಹಿಡಿಯುತ್ತಾರೆ. ಬತ್ತಿಗಳನ್ನು ಒಂದು ಗಂಟೆ ಮುಂಚೆಯೇ ಎಣ್ಣೆಯಲ್ಲಿ ನೆನೆಸಿ, ತುದಿಯನ್ನು ಹಿಂಡಿ ಚೂಪು ಮಾಡಿ ಇಟ್ಟರೆ ಥಟ್ಟನೆ ಹತ್ತಿಕೊಳ್ಳುತ್ತವೆ. ಮೇಣದಬತ್ತಿ ತರುತ್ತಾರೆ, ಬೆಂಕಿಪೊಟ್ಟಣ ಮರೆಯುತ್ತಾರೆ. ಸಿಗರೇಟು ಸೇದುವ ಸ್ನೇಹಿತನನ್ನು ಹುಡುಕುವ ಪರಿಸ್ಥಿತಿ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಫ್ಯಾನ್ ಆರಿಸಿ. ಮುಖ್ಯ ಅತಿಥಿ ಹಚ್ಚಿದ ಬತ್ತಿ ಆರಿ, ಅವರು ಮತ್ತೆ ಹಚ್ಚಿ, ಅದು ಮತ್ತೆ ಆರಿ, ಫೋಟೊ ತೆಗೆಯುವವನು ‘ಇನ್ನೊಂದು ಸಲ ಸರ್’ ಎನ್ನುವುದನ್ನು ಬೇರೆಯವರ ಸಮಾರಂಭಗಳಲ್ಲಿ ಬೇಕಾದಷ್ಟು ನೋಡಿದ್ದೇನೆ.

ಚಿತ್ರಗಳನ್ನು ಹಿಂದಿನ ರಾತ್ರಿಯೇ ತೂಗುಹಾಕಿ ಮುಗಿಸಿ. ಚಿತ್ರದ ನಡುಭಾಗ ನೆಲದಿಂದ ಸುಮಾರು 57 ಅಂಗುಲ ಎತ್ತರಕ್ಕೆ ಬಂದರೆ ಹೆಚ್ಚಿನವರ ಕಣ್ಣಿಗೆ ಹಿತ. ಚೌಕಟ್ಟುಗಳ ತಲೆ ಒಂದೇ ಸಾಲಿಗೆ ಬರಬೇಕೆಂದು ಹಟ ಹಿಡಿಯಬೇಡಿ, ನಡುಭಾಗವನ್ನು ಸಾಲಾಗಿ ಹಿಡಿಯಿರಿ. ಗಾಜಿನ ಚೌಕಟ್ಟಾದರೆ ದೀಪಗಳನ್ನೆಲ್ಲ ಹಾಕಿ, ಜನ ನಿಲ್ಲುವ ಜಾಗದಲ್ಲೇ ನಿಂತು ನೋಡಿ. ಬಲ್ಬಿನ ಪ್ರತಿಬಿಂಬ ಚಿತ್ರದ ಮೇಲೆ ಬೀಳುತ್ತಿದ್ದರೆ ಬಲ್ಬಿನ ಕೋನ ತಿರುಗಿಸಿ. ಹೆಸರಿನ ಚೀಟಿಯ ಅಕ್ಷರಗಳು ದೊಡ್ಡದಾಗಿರಲಿ, ಬಂದವರಲ್ಲಿ ಅರ್ಧದಷ್ಟು ಜನ ಕನ್ನಡಕ ಮನೆಯಲ್ಲಿ ಬಿಟ್ಟಿರುತ್ತಾರೆ. ಸುತ್ತಿಗೆ, ಮೊಳೆ, ಮಟ್ಟಗೋಲು, ಎರಡು ಬದಿ ಅಂಟುವ ಟೇಪು, ಗಾಜು ಒರೆಸುವ ಬಟ್ಟೆ, ಮಾರಾಟವಾದ ಚಿತ್ರದ ಪಕ್ಕ ಅಂಟಿಸುವ ಕೆಂಪು ಚುಕ್ಕೆಯ ಸ್ಟಿಕ್ಕರು, ಎರಡು ಪೆನ್ನು ಇವಿಷ್ಟೂ ಒಂದೇ ಚೀಲದಲ್ಲಿ ಸಂಜೆ ಮುಗಿಯುವವರೆಗೂ ಕೈಗೆ ಸಿಗುವಂತಿರಲಿ. ಜನ ಬರುವ ಮುಂಚೆಯೇ ಗೋಡೆಗಳ ಫೋಟೊ ತೆಗೆಸಿಬಿಡಿ, ಮುಂದಿನ ಅರ್ಜಿಗಳಿಗೆ ಬೇಕಾಗುವುದು ಅವೇ.

ತಿಂಡಿಗೆ ಒಂದೇ ಪರೀಕ್ಷೆ: ತಿಂದ ಮೇಲೆ ಬೆರಳು ಹೇಗಿರುತ್ತದೆ? ಚಟ್ನಿ, ಸಾಂಬಾರು ಬೇಡ. ಕಾಂಗ್ರೆಸ್ ಕಡಲೆಕಾಯಿ ಬೀಜ ನನಗೆ ಪ್ರಾಣ, ಆದರೆ ಆ ಖಾರದ ಪುಡಿ ಬೆರಳಿಗೆ ಹತ್ತಿ, ಬೆರಳು ಚಿತ್ರದ ಸುತ್ತಲಿನ ಬಿಳಿ ರಟ್ಟಿನ ಮೌಂಟಿಗೆ ಹತ್ತಿದರೆ ಆ ಚಿತ್ರದ ಕಥೆ ಮುಗಿಯಿತು. ಕೋಡುಬಳೆ, ಒಣ ಬಿಸ್ಕತ್ತು, ಒಂದು ಸಿಹಿ, ಕಾಫಿ ಸಾಕು. ಮೇಜು ಕೋಣೆಯ ಹೊರಗಿರಲಿ, ಪಕ್ಕದಲ್ಲೇ ಕಸದ ಬುಟ್ಟಿ ಇರಲಿ. ಬುಟ್ಟಿ ಇಲ್ಲದಿದ್ದರೆ ಕಾಫಿ ಲೋಟಗಳು ಕಿಟಕಿಯ ಕಟ್ಟೆಯ ಮೇಲೆ, ಶಿಲ್ಪಗಳಿದ್ದರೆ ಅವುಗಳ ಪೀಠದ ಮೇಲೆ ಬಂದು ಕೂರುತ್ತವೆ.

ಆ ಎರಡು ಗಂಟೆ

ಮೊದಲ ಅರ್ಧ ಗಂಟೆ ಬಾಗಿಲ ಬಳಿಯೇ ಇರಿ. ಬಂದವರನ್ನು ‘ಬನ್ನಿ’ ಎಂದು ಕರೆಯುವುದು ನಿಮ್ಮ ಕೆಲಸ, ಗ್ಯಾಲರಿಯ ಸಹಾಯಕರದ್ದಲ್ಲ. ಆಮೇಲೆ ಒಂದೇ ಕಡೆ ನಿಲ್ಲದೆ ಓಡಾಡಿ. ಯಾವುದಾದರೂ ಒಂದು ಚಿತ್ರದ ಪಕ್ಕ ಠಿಕಾಣಿ ಹೂಡಿದರೆ ಆ ಚಿತ್ರವನ್ನು ಯಾರೂ ಸಮಾಧಾನದಿಂದ ನೋಡುವುದಿಲ್ಲ.

ಒಬ್ಬರೇ ನಿಂತವರ ಮೇಲೆ ಕಣ್ಣಿಡಿ. ಗೋಡೆಗೆ ಒರಗಿ ನಿಂತು ಕಳೆದ ಸಂಜೆಗಳು ನೆನಪಿರುವುದರಿಂದಲೋ ಏನೋ, ನನ್ನ ಪ್ರದರ್ಶನಗಳಲ್ಲಿ ನಾನು ಹೆಚ್ಚು ಎಚ್ಚರ ವಹಿಸುವುದು ಇದಕ್ಕೇ. ಹತ್ತಿರ ಹೋಗಿ ಮಾತಾಡಿಸುವುದಷ್ಟೇ ಸಾಲದು, ಅವರನ್ನು ಇನ್ನೊಬ್ಬರ ಕೈಗೆ ಒಪ್ಪಿಸಬೇಕು. ಪರಿಚಯಿಸುವಾಗ ಹೆಸರಿನ ಜೊತೆ ಒಂದು ವಿಷಯವನ್ನೂ ಕೊಡಿ: ‘ಇವರು ಹೆಂಚಿನ ಮನೆಗಳ ಚಿತ್ರ ಬರೆಯುತ್ತಾರೆ, ನೀವು ತೀರ್ಥಹಳ್ಳಿಯವರಲ್ಲವೇ.’ ಇಷ್ಟು ಹೇಳಿ ನೀವು ಜಾರಿಕೊಳ್ಳಬಹುದು, ಮಿಕ್ಕದ್ದನ್ನು ಅವರೇ ನೋಡಿಕೊಳ್ಳುತ್ತಾರೆ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಪಂಗಡವಿದೆ, ನಿಮ್ಮ ಮೊಣಕೈ ಹಿಡಿದು ಬಿಡದವರು. ಅವರಿಗಾಗಿ ಮನೆಯವರೊಬ್ಬರಿಗೆ ಮೊದಲೇ ಹೇಳಿಡಿ. ನಮ್ಮ ಅಕ್ಕ ದೂರದಿಂದ ನೋಡುತ್ತಿದ್ದು ಸರಿಯಾದ ಹೊತ್ತಿಗೆ ಬಂದು ‘ಪತ್ರಿಕೆಯವರು ಕಾಯುತ್ತಿದ್ದಾರೆ, ಬಾ’ ಎನ್ನುತ್ತಾಳೆ. ಪತ್ರಿಕೆಯವರು ಬಂದಿರಲೇಬೇಕೆಂದೇನಿಲ್ಲ.

ನೆಂಟರಿಗೆ ಒಂದು ಕೆಲಸ ಕೊಡಿ. ಕೆಲಸವಿಲ್ಲದ ಚಿಕ್ಕಮ್ಮ ಬೆಲೆಪಟ್ಟಿ ಓದಿ ‘ಇದಕ್ಕೆ ಇಷ್ಟು ದುಡ್ಡೇ!’ ಎಂದು ಸಭೆಗೆ ಕೇಳುವಂತೆ ಉದ್ಗರಿಸುತ್ತಾರೆ. ಅದೇ ಚಿಕ್ಕಮ್ಮನನ್ನು ಅಭಿಪ್ರಾಯ ಪುಸ್ತಕದ ಮುಂದೆ ಕೂರಿಸಿದರೆ ಬಂದವರೆಲ್ಲರಿಂದ ಹೆಸರು, ಊರು, ಫೋನ್ ನಂಬರ್ ಬರೆಸದೆ ಬಿಡುವುದಿಲ್ಲ.

ಅಚ್ಚಿನ ಕೆಲಸ ಮಾಡುವವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ: ‘ಇದು ಕಂಪ್ಯೂಟರಿನಲ್ಲಿ ಪ್ರಿಂಟ್ ತೆಗೆದದ್ದೇ?’ ಬಾಯಲ್ಲಿ ವಿವರಿಸುವ ಬದಲು ನಾನು ಒಂದು ಮೇಜಿನ ಮೇಲೆ ಹಲಗೆಯನ್ನೇ ಇಟ್ಟಿರುತ್ತೇನೆ. ಪ್ರತಿಗಳೆಲ್ಲ ಮುಗಿದು, ಮತ್ತೆ ಯಾರೂ ಒತ್ತದಂತೆ ಉಳಿಯಿಂದ ಅಡ್ಡಗೀರು ಎಳೆದು ರದ್ದುಮಾಡಿದ ಹಲಗೆ ಅದು. ಯಾರು ಮುಟ್ಟಿದರೂ ಚಿಂತೆಯಿಲ್ಲ. ಒಂದು ಸಂಜೆ ಪಂಚೆ ಉಟ್ಟ ಹಿರಿಯರೊಬ್ಬರು ಬಂದು, ಹಲಗೆಯ ಮೇಲೆ ಹೆಬ್ಬೆರಳು ಆಡಿಸಿ, ಗೋಡೆಯ ಚಿತ್ರ ನೋಡಿ, ಮತ್ತೆ ಹಲಗೆ ನೋಡಿ, ‘ಇಲ್ಲಿ ಮರ ಎಡಕ್ಕಿದೆ, ಅಲ್ಲಿ ಬಲಕ್ಕಿದೆ’ ಎಂದರು. ಹೌದು, ಅಚ್ಚು ತಿರುವುಮುರುವಾಗಿ ಬರುತ್ತದೆ ಎಂದೆ. ‘ಹಾಗಾದರೆ ಅಕ್ಷರ ಕೆತ್ತಬೇಕಾದರೆ?’ ಉಲ್ಟಾ ಕೆತ್ತಬೇಕು. ಅವರು ತಮ್ಮ ಹೆಸರನ್ನು ಗಾಳಿಯಲ್ಲಿ ಉಲ್ಟಾ ಬರೆದು ನೋಡಿದರು, ‘ಳ’ ಅಕ್ಷರಕ್ಕೆ ಬಂದು ಸಿಕ್ಕಿಕೊಂಡು ನಕ್ಕರು. ಚಿತ್ರದ ಅಡಿಯಲ್ಲಿ ಪೆನ್ಸಿಲಿನಲ್ಲಿ ಬರೆದ 4/12 ಎಂದರೆ ಹನ್ನೆರಡು ಪ್ರತಿಗಳಲ್ಲಿ ನಾಲ್ಕನೆಯದು ಎಂಬುದನ್ನು ಆಮೇಲೆ ಅವರೇ ಪಕ್ಕದವರಿಗೆ ಹೇಳುತ್ತಿದ್ದರು. ಬಣ್ಣ ಹಾಕುವವರು ಒಂದು ಅಭ್ಯಾಸದ ಪುಸ್ತಕವನ್ನೋ, ಕರಡು ರೇಖೆಗಳ ಹಾಳೆಯನ್ನೋ ಇದೇ ರೀತಿ ಇಡಬಹುದು. ಕೈಗೆ ಸಿಗುವ ವಸ್ತು ಒಂದಿದ್ದರೆ, ಏನು ಕೇಳಬೇಕೆಂದು ತಿಳಿಯದವರಿಗೂ ಮಾತಿಗೆ ದಾರಿಯಾಗುತ್ತದೆ.

ಅಪರಿಚಿತರ ಜೊತೆ ಹೀಗೆ ಮಾತಾಡಲು ಅಭ್ಯಾಸ ಬೇಕೆಂದರೆ ಮೊದಲು ಚಿತ್ರಸಂತೆಗೆ ಅರ್ಜಿ ಹಾಕಿ. 2003ರಿಂದ ನಡೆಯುತ್ತಿರುವ ಆ ಸಂತೆಯಲ್ಲಿ, ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಗೆ ರಸ್ತೆಯೇ ಗ್ಯಾಲರಿಯಾಗುತ್ತದೆ. ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಪಾದಚಾರಿ ಮಾರ್ಗದಲ್ಲಿ ಕುಳಿತು ಬೆಲೆ ಹೇಳಿ, ಚೌಕಾಸಿ ಕೇಳಿ, ಇಲ್ಲವೆಂದು ನಗುನಗುತ್ತಾ ಹೇಳಿದವರಿಗೆ ಯಾವ ಉದ್ಘಾಟನೆಯೂ ಭಯವಲ್ಲ.

ಬೆಲೆಯ ವಿಷಯದಲ್ಲಿ ನನ್ನ ರೀತಿ ಹೀಗಿದೆ. ಕೇಳಿದವರಿಗೆ ಮೊತ್ತ ಹೇಳಿ ಸುಮ್ಮನಿರುತ್ತೇನೆ. ಮೊತ್ತದ ಹಿಂದೆಯೇ ‘ಆದರೆ ನಿಮಗೆ ಕಡಿಮೆ ಮಾಡುತ್ತೇನೆ’ ಎಂದು ನಾವೇ ಅವಸರಪಡುತ್ತೇವೆ, ಅದು ಬೇಡ. ಮೊದಲ ದಿನ ಒಬ್ಬರಿಗೆ ರಿಯಾಯಿತಿ ಕೊಟ್ಟರೆ ಮೂರನೆಯ ದಿನಕ್ಕೆ ಎಲ್ಲರಿಗೂ ತಿಳಿದಿರುತ್ತದೆ. ಸ್ನೇಹಿತರಿಗೆ, ವಿದ್ಯಾರ್ಥಿಗಳಿಗೆ ಎಂದು ಅಂಗೈ ಅಗಲದ ಕೆಲವು ಅಚ್ಚುಗಳನ್ನು ಕಡಿಮೆ ಬೆಲೆಗೆ ಬೇರೆಯಾಗಿ ಇಟ್ಟರೆ ಯಾರ ಮನಸ್ಸೂ ನೋಯುವುದಿಲ್ಲ. ಕೆಂಪು ಚುಕ್ಕೆಯನ್ನು ಬಾಯಿಮಾತಿಗೆ ಅಂಟಿಸಬೇಡಿ, ಅರ್ಧ ಹಣ ಖಾತೆಗೆ ಬಂದ ಮೇಲೆ ಅಂಟಿಸಿ. ರಶೀದಿ ಕೊಡಿ, ಪ್ರದರ್ಶನ ಮುಗಿದ ಮೇಲೆಯೇ ಚಿತ್ರ ಕೈಸೇರುವುದೆಂದು ಅದರಲ್ಲೇ ಬರೆಯಿರಿ. ಗ್ಯಾಲರಿಯವರೇ ನಡೆಸುವ ಪ್ರದರ್ಶನವಾದರೆ ಮಾರಾಟದಲ್ಲಿ ಅವರ ಪಾಲು ಸಾಮಾನ್ಯವಾಗಿ ಮೂರನೇ ಒಂದರಿಂದ ಅರ್ಧದವರೆಗೂ ಇರುತ್ತದೆ. ಅಲ್ಲಿ ಬೆಲೆ ಕೇಳಿದವರನ್ನು ನೇರವಾಗಿ ಅವರ ಬಳಿಗೆ ಕಳಿಸಿ, ಬೆನ್ನ ಹಿಂದೆ ನಿಮ್ಮ ನಂಬರ್ ಕೊಡುವ ಚಾಳಿ ಬೇಡ.

ಮರುದಿನದಿಂದ

ಮನೆಗೆ ಬಂದು ಮಲಗುವ ಮುಂಚೆ ನೆನಪಿರುವ ಹೆಸರುಗಳನ್ನು, ಅವರು ಯಾವ ಚಿತ್ರದ ಮುಂದೆ ನಿಂತರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಮರುದಿನ ಧನ್ಯವಾದ ಹೇಳುವಾಗ ಆ ಚಿತ್ರವನ್ನು ಹೆಸರಿಸಿ. ಎಲ್ಲರಿಗೂ ಒಂದೇ ಸಂದೇಶ ಕಳಿಸಿದರೆ ಅದು ಗುಡ್ ಮಾರ್ನಿಂಗ್ ಚಿತ್ರಗಳ ರಾಶಿಗೆ ಸೇರುತ್ತದೆ.

ಬರುತ್ತೇನೆಂದು ಬಾರದವರ ಮೇಲೆ ಸಿಟ್ಟು ಬೇಡ, ಅವರಿಗೂ ಫೋನು ಮಾಡಿ ಇನ್ನೂ ಎಷ್ಟು ದಿನ ಇದೆ ಎಂದು ತಿಳಿಸಿ. ವಾರದ ದಿನಗಳಲ್ಲಿ ಗ್ಯಾಲರಿಯಲ್ಲಿ ನೀವೇ ಕೂರಬೇಕು. ಆಗ ಬರುವ ಕಾಲೇಜು ಹುಡುಗರಿಗೆ ಹಲಗೆ ತೋರಿಸಿ, ಕಾಫಿ ಕೊಡಿ, ಫ್ರೇಮಿನವರ ನಂಬರ್ ಕೇಳಿದರೆ ಬಚ್ಚಿಡಬೇಡಿ.

ಕೊನೆಯ ದಿನ ಮಧ್ಯಾಹ್ನಕ್ಕೇ ಚಿತ್ರ ಇಳಿಸಲು ಶುರು ಮಾಡುವವರಿದ್ದಾರೆ. ಬಾಡಿಗೆಯನ್ನು ಸಂಜೆಯವರೆಗೆ ಕೊಟ್ಟಿದ್ದೀರಿ, ಟೆಂಪೋದವರಿಗೆ ಏಳು ಗಂಟೆಗೆ ಬನ್ನಿ ಎನ್ನಿ. ವಾರವಿಡೀ ಯೋಚಿಸಿ ಕೊಳ್ಳಲು ತೀರ್ಮಾನಿಸಿದವರು ಆ ಕೊನೆಯ ಗಂಟೆಯಲ್ಲೇ ಓಡಿಬರುತ್ತಾರೆ. ಬಂದಾಗ ಚಿತ್ರ ಗೋಡೆಯ ಮೇಲೆ ಇರಬೇಕು, ಬಬಲ್ ಹಾಳೆಯೊಳಗೆ ಅಲ್ಲ.